ಯುಜಿನ್ ಹಾಡದೆ ಬಿಟ್ಟ ಚರಣ

ದುಬೈಯಲ್ಲಿ ನಮ್ಮ ಮಂಗಳೂರು ಕ್ರಿಶ್ಚಿಯನ್ನರ ಮದುವೆಯೆಂದರೆ ವಧೂವರರ ಮೊದಲ ಕುಣಿತಕ್ಕೆ ಯುಜಿನ್ ಪಾಯ್ಸ್ ಒಂದು ಸ್ಪ್ಯಾನಿಷ್ ಹಾಡು ಹಾಡಲೇಬೇಕು. ಅದು ಗಂಡ ಬಿಟ್ಟುಹೋದ ಹೆಂಗಸಿನ ಗೋಳು. ನಮ್ಮವರಿಗೆ ಅರ್ಥ ಯಾರಿಗೆ ಬೇಕು? ರಾಗ ಇಂಪಾಗಿದೆ, ತಾಳ ನಿಧಾನ, ಮದುಮಗಳ ಗೌನು ಕಾಲಿಗೆ ಸಿಗುವುದಿಲ್ಲ; ಅಷ್ಟು ಸಾಕು.

ಹಗಲು ಅವನು ಜೆಬೆಲ್ ಅಲಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್. ರಜೆಯ ದಿನ ಗಾಯಕ; ಪಕ್ಕದಲ್ಲಿ ಕೀಬೋರ್ಡಿಗೆ ನಾನು, ಲಿಯೊನೆಲ್. ತನ್ನ ಮದುವೆಯಲ್ಲೂ ಅವನು ನ್ಯಾನ್ಸಿಯ ಕೈ ಹಿಡಿದು ಇದನ್ನೇ ಹಾಡಿದ್ದ. ಅರ್ಥ ಹೇಳಿದವಳೂ ನ್ಯಾನ್ಸಿಯೇ. ಅಲ್ ಬರ್ಷಾದ ಹೋಟೆಲೊಂದರ ರಿಸೆಪ್ಷನ್ನಿನಲ್ಲಿದ್ದ ಅವಳು ಸ್ಪೇನಿನ ಅತಿಥಿಯೊಬ್ಬಳಿಂದ ಕೇಳಿಕೊಂಡು ಬಂದಿದ್ದಳು. ಮೊದಲು ಹಾಡಿದಾಕೆ ತನ್ನ ಬದುಕನ್ನೇ ಹಾಡು ಮಾಡಿದ್ದಳಂತೆ. ಕೊನೆಯ ಚರಣದಲ್ಲಿ ಬಾಗಿಲು ತೆರೆದೇ ಇದೆ, ತಿರುಗಿ ಬಾ ಎಂದು ಅಂಗಲಾಚುತ್ತಾಳಂತೆ. ಗಂಡ ಹೆಂಡತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು.

ಆಮೇಲೆ ನ್ಯಾನ್ಸಿ ಕೆಲಸಕ್ಕೆಂದು ಕೆನಡಾಕ್ಕೆ ಹೋದಳು. ಅಲ್ಲೇ ಬೇರೊಬ್ಬನ ಜೊತೆ ಉಳಿದುಬಿಟ್ಟಳು. ಯುಜಿನ್ ಮಗಳು ಜೋಯ್ಲಿನ್‌ಳನ್ನು ಒಬ್ಬನೇ ಬೆಳೆಸಿದ. ಪ್ರತಿ ಮದುವೆಯಲ್ಲೂ ಕೊನೆಯ ಚರಣಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಜನ ಅದನ್ನು ಕಲೆ ಎಂದುಕೊಂಡರು. ಅವನು ಯಾರನ್ನು ಕರೆಯುತ್ತಿದ್ದಾನೆಂದು ನನಗೆ ಗೊತ್ತಿತ್ತು, ಸಿಟ್ಟೂ ಬರುತ್ತಿತ್ತು. ಹೋದವಳು ಹೋದಳು ಮಾರಾಯ ಎಂದು ಬೈದರೆ, ಮೈಕಿನ ವಯರು ಸುತ್ತತೊಡಗುತ್ತಿದ್ದ.

ಈ ವರ್ಷ ಜೋಯ್ಲಿನ್‌ಳ ಮದುವೆ. ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ಮದುಮಗಳ ಮೈಗೆ ತೆಂಗಿನ ಹಾಲು ಹಚ್ಚಲು ತಾಯಿಯ ಕೈಯೇ ಬೇಕೆಂದು ಅವಳು ನ್ಯಾನ್ಸಿಯನ್ನು ಕರೆಸಿದಳು. ಮದುವೆಗೆ ಆ ಹಾಡೂ ಬೇಕೆಂದಳು. ಅದು ಪಪ್ಪಾ ಮಮ್ಮಿಯ ಪ್ರೀತಿಯ ಹಾಡೆಂದೇ ಅವಳ ನಂಬಿಕೆ. ಯುಜಿನ್ ಹೊಸ ಸೂಟು ಹೊಲಿಸಿದ. ಮದುವೆ ಹಾಲ್‌ನಲ್ಲಿ ಇನ್ನಾರಿಗೂ ತಿಳಿಯದಿದ್ದರೂ ನ್ಯಾನ್ಸಿಗೆ ಅರ್ಥವಾಗುತ್ತದೆ, ತಿರುಗಿ ಬಂದರೂ ಬಂದಾಳು ಎಂದು ನನ್ನೊಬ್ಬನಿಗೆ ಹೇಳಿದ.

ನ್ಯಾನ್ಸಿ ಮುಂದಿನ ಸಾಲಿನಲ್ಲೇ ಕೂತಿದ್ದಳು. ಜೋಯ್ಲಿನ್ ಗಂಡ ಶರ್ವಿನ್‌ನೊಂದಿಗೆ ಕುಣಿಯುತ್ತಿದ್ದಳು. ಕೊನೆಯ ಚರಣ ಬಂದಾಗ ಯುಜಿನ್ ಕಣ್ಣು ಮುಚ್ಚಲಿಲ್ಲ, ನ್ಯಾನ್ಸಿಯನ್ನು ನೋಡಿದ. ಅವಳು ತಲೆ ತಗ್ಗಿಸಿದಳು. ಅವನು ಮೈಕ್ ಕೆಳಗಿಳಿಸಿದ. ಆ ಚರಣವನ್ನು ನಾನೊಬ್ಬನೇ ಕೀಬೋರ್ಡಿನಲ್ಲಿ ನುಡಿಸಿ ಮುಗಿಸಿದೆ. ಜನ ಚಪ್ಪಾಳೆ ತಟ್ಟಿದರು.

ಯಾಕೆ ಬಿಟ್ಟದ್ದೆಂದು ಜೋಯ್ಲಿನ್ ಬಂದು ಕೇಳಿದಳು. ಮರೆತು ಹೋಯಿತೆಂದ. ಅವಳು ಅತ್ತ ಹೋದ ಮೇಲೆ ವಯರು ಸುತ್ತುತ್ತಾ ನನಗೆ ಹೇಳಿದ:

"ಅವಳು ಇಲ್ಲದಾಗ ಕರೀಲಿಕ್ಕೆ ಆಗ್ತಿತ್ತು ಮಾರಾಯ. ಇವತ್ತು ಎದುರಿಗೆ ಕೂತಿದ್ದಳಲ್ಲ, ಗೊತ್ತಾಯ್ತು, ಅವಳು ಬರುದಿಲ್ಲ. ಖಲಾಸ್."

ಅಷ್ಟು ವರ್ಷ ನಾನು ಬೈದು ಹೇಳಿದ್ದೂ ಅದನ್ನೇ. ಅವನ ಬಾಯಲ್ಲಿ ಕೇಳಿದಾಗ ಮಾತ್ರ ಅಳು ತಡೆಯಲಾಗಲಿಲ್ಲ.