ಕಬಡ್ಡಿ ತಂಡದ ಹಿತ್ತಾಳೆ ಚೊಂಬು

ಮೊದಲು ಹಳದಿಯಾದದ್ದು ಮೂತ್ರ. ಆಮೇಲೆ ಕಣ್ಣು. ಅನ್ನದ ವಾಸನೆಗೇ ವಾಂತಿ.

ಬಸವೇಶ್ವರನಗರದ ಕ್ಲಿನಿಕ್ಕಿನಲ್ಲಿ ಡಾಕ್ಟರು ನನ್ನ ರೆಪ್ಪೆ ಎಳೆದು ನೋಡಿದರು. "ಜಾಂಡಿಸ್. ಏರಿಯಾದಲ್ಲೆಲ್ಲ ಹಬ್ಬಿದೆ. ಮೂರು ತಿಂಗಳು ಆಟ ಬಂದ್. ಯಾರ ಲೋಟದಲ್ಲಿ ನೀರು ಕುಡಿದೆಯಪ್ಪಾ?"

ಯಾರದೆಂದು ಹೇಳಲಿ? ನಮ್ಮ ಕಬಡ್ಡಿ ತಂಡಕ್ಕೆ ಇದ್ದದ್ದು ಒಂದೇ ಹಿತ್ತಾಳೆ ಚೊಂಬು. ಕ್ಯಾಪ್ಟನ್ ನಾಗಣ್ಣ ಬಾಯಿಟ್ಟು ಮೊದಲ ಗುಟುಕು ಕುಡಿಯಬೇಕು, ಆಮೇಲೆ ಸಾಲಾಗಿ ಎಲ್ಲರೂ. ಎತ್ತಿ ಕುಡಿದವನು ತಂಡದವನಲ್ಲ.

ಮುಂದಿನ ವಾರ ಜಿಲ್ಲಾ ತಂಡದ ಸೆಲೆಕ್ಷನ್ ಇತ್ತು. ಊರಿನವರ ದನಿಯನ್ನೆಲ್ಲ ಅಣಕಿಸುತ್ತಿದ್ದ ನಾನು ಅರಿಶಿನ ಹಚ್ಚಿದ ಮದುಮಗನ ಹಾಗೆ ಹಾಸಿಗೆಯಲ್ಲಿ ಬಿದ್ದಿದ್ದೆ. ಅಣಕಿಸಲು ಉಳಿದದ್ದು ನನ್ನ ನರಳಾಟವೊಂದೇ. ಅಮ್ಮ ಮಜ್ಜಿಗೆ ಅನ್ನ ಇಟ್ಟು, ಆಚೆ ಹೋಗಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ನಾಗಣ್ಣ ನೋಡಲು ಬಂದ. "ಹೆದರ್ಬೇಡ ಕಣೋ ಮಗಾ. ಹೋದ ತಿಂಗಳು ನಂಗೂ ಬಂದಿತ್ತು. ನೆಲನೆಲ್ಲಿ ಸೊಪ್ಪು ಅರೆದು ಕುಡ್ದೆ, ಹೋಯ್ತು. ಫೈನಲ್ಸ್ ಇತ್ತಲ್ಲ, ಯಾರ್ಗೂ ಹೇಳ್ಲಿಲ್ಲ."

ಯಾರಿಗೂ ಹೇಳಲಿಲ್ಲ.

ಆರು ವಾರ ಮಲಗಿದವನಿಗೆ ಸೇಡಿನ ಲೆಕ್ಕಾಚಾರಕ್ಕೆ ಬೇಕಾದಷ್ಟು ಪುರುಸೊತ್ತಿರುತ್ತದೆ. ಹೊಡೆಯೋಣವೆಂದರೆ, ಎದ್ದು ಕೂತರೇ ಕೈಕಾಲು ನಡುಗುತ್ತಿದ್ದವು.

ಕೊನೆಗೆ ರಾಜಾಜಿನಗರದ ಮೈದಾನಕ್ಕೆ ಹೋದೆ. ಅಷ್ಟರಲ್ಲಿ ಇನ್ನಿಬ್ಬರು ಆಟಗಾರರು ಹಾಸಿಗೆ ಹಿಡಿದಿದ್ದರು. ಉಳಿದವರು ಅದೇ ಚೊಂಬಿಗೆ ಸಾಲು ನಿಂತಿದ್ದರು. ಡಾಕ್ಟರ ದನಿಯಲ್ಲೇ ಹೇಳಿದೆ: "ಕಾಯಿಸಿದ ನೀರು. ಅವರವರ ಲೋಟ." ಎಲ್ಲರೂ ನಕ್ಕರು.

"ನಿಮ್ ಡಾಕ್ಟ್ರು ಕಬಡ್ಡಿ ಆಡಿದಾರೇನೋ?" ಅಂದ ನಾಗಣ್ಣ.

ಸರಿ. ಚೊಂಬು ಎತ್ತಿಕೊಂಡೆ. ಹೊಟ್ಟೆ ಹಿಡಿದುಕೊಂಡು, ಎಲ್ಲರೂ ನೋಡುತ್ತಿರುವಾಗಲೇ ಮೈದಾನದ ಮೂಲೆಯ ಕಕ್ಕಸಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಳಗೆ ಸುಮ್ಮನೆ ನಿಂತು ಇಪ್ಪತ್ತರವರೆಗೆ ಎಣಿಸಿದೆ, ಅಷ್ಟೇ. ಹೊರಬಂದು ಚೊಂಬನ್ನು ಇದ್ದ ಜಾಗದಲ್ಲೇ ಇಟ್ಟೆ.

"ತೊಳ್ದಿದೀನಿ ನಾಗಣ್ಣ. ಮೊದಲ್ನೇ ಗುಟುಕು ನಿಂದೇ."

ನನ್ನ ಕಾಲರ್ ಹಿಡಿದ. ಚೊಂಬು ಮಾತ್ರ ಹಿಡಿಯಲಿಲ್ಲ. ಯಾರೂ ಹಿಡಿಯಲಿಲ್ಲ.

ಮರುದಿನ ಎಲ್ಲರ ಕೈಯಲ್ಲೂ ಮನೆಯ ಸ್ಟೀಲ್ ಲೋಟ. ಕಾಯಿಸಿದ ನೀರನ್ನು ಅಮ್ಮಂದಿರೇ ಕ್ಯಾನಿಗೆ ತುಂಬಿ ಕಳಿಸಿದ್ದರು. ನಾಗಣ್ಣನ ಲೋಟದ ಮೇಲೆ ಅವನ ಅಜ್ಜಿಯ ಹೆಸರು ಕೆತ್ತಿತ್ತು: ಪುಟ್ಟತಾಯಮ್ಮ.

ಸೆಲೆಕ್ಷನ್ ಹೋಯಿತು, ವಾಪಸ್ ಬರುವುದಿಲ್ಲ. ಅವನನ್ನು ಕ್ಷಮಿಸಿಯೂ ಇಲ್ಲ. ಆದರೆ ಇಲ್ಲಿಯವರೆಗೆ ತಂಡದಲ್ಲಿ ಇನ್ಯಾರ ಕಣ್ಣೂ ಹಳದಿಯಾಗಿಲ್ಲ. ಅಷ್ಟು ಸಾಕು ಎಂದುಕೊಳ್ಳುತ್ತೇನೆ. ನನಗಿನ್ನೂ ಓಡುವ ಹಾಗಿಲ್ಲ. ಗೆರೆಯಾಚೆ ಕೂತು, ಸೋಪಿನಲ್ಲಿ ಕೈ ತೊಳೆದು, ಒಬ್ಬೊಬ್ಬರ ಲೋಟಕ್ಕೂ ಮೇಲಿನಿಂದ ನೀರು ಹೊಯ್ಯುತ್ತೇನೆ. ಕ್ಯಾಪ್ಟನ್ ಸರದಿ ಬಂದಾಗ ಮೈದಾನಕ್ಕೆಲ್ಲ ಕೇಳುವ ಹಾಗೆ ವಿಚಾರಿಸುತ್ತೇನೆ:

"ಸಾಕೇನವ್ವಾ, ಪುಟ್ಟತಾಯಮ್ಮ?"