ಸದ್ದಿಲ್ಲದ ಪೆಟ್ಟಿಗೆಗೊಂದು ಕೌದಿ

ನಮ್ಮ ಮನೆಯಲ್ಲಿ ಕರೆಂಟಿನಿಂದ ನಡೆಯುವ ಪ್ರತಿಯೊಂದು ವಸ್ತುವಿಗೂ ಗವಸು ಇತ್ತು. ಬೈಲಹೊಂಗಲದಲ್ಲಿ ಹತ್ತಿಯ ಸುಗ್ಗಿ ಬಂತೆಂದರೆ ಜಿನ್ನಿಂಗ್ ಕಾರ್ಖಾನೆಗಳ ಕಡೆಯಿಂದ ಅರಳೆಯ ಎಳೆಗಳು ತೇಲಿಬಂದು ಕಿಟಕಿಯ ಸರಳಿಗೂ ಅಂಟಿಕೊಳ್ಳುತ್ತಿದ್ದವು. ಬೇಸಿಗೆಯಲ್ಲಿ ಎರೆಮಣ್ಣಿನ ಧೂಳು. ಟೀವಿ, ಟೇಪ್ ರೆಕಾರ್ಡರ್, ಮಿಕ್ಸರ್ ಎಲ್ಲಕ್ಕೂ ಅಕ್ಕ ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ಗವಸು ಹೊಲಿದಿದ್ದಳು. ಬಳಸಿದ ಮೇಲೆ ಗವಸು ಹಾಕಲೇಬೇಕೆಂಬುದು ನನ್ನ ನಿಯಮ. ನಾನು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವನು. ಕಿತ್ತೂರು, ಸವದತ್ತಿ, ರಾಮದುರ್ಗದ ಗಾಡಿಗಳನ್ನು ಹೊತ್ತಿಗೆ ಸರಿಯಾಗಿ ಬಿಡಿಸುತ್ತ ಬಂದವನಿಗೆ ಮನೆಯನ್ನೂ ಹಾಗೆಯೇ ನಡೆಸುವ ರೂಢಿ ಬಿದ್ದಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ, ಸಂಪಗಾಂವದ ಮನೆಯಲ್ಲಿ ಅವ್ವ ಬೀಸುತ್ತ ಹಾಡಿದ್ದನ್ನು ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆ. ಊರಿಗೆ ಗಿರಣಿ ಬಂದು ಎಷ್ಟೋ ಕಾಲವಾಗಿದ್ದರೂ ಅವ್ವ ಶುಭಕಾರ್ಯದ ಮೊದಲ ಹಿಟ್ಟನ್ನು ಕಲ್ಲಿನಲ್ಲೇ ಬೀಸುತ್ತಿದ್ದಳು. ಟೇಪನ್ನು ಕಲ್ಲಿನ ಪಕ್ಕದಲ್ಲೇ ಇಟ್ಟಿದ್ದರಿಂದ ಕಲ್ಲಿನ ಗರಗರ ದೊಡ್ಡದಾಗಿಯೂ ಅವ್ವನ ದನಿ ಸಣ್ಣದಾಗಿಯೂ ದಾಖಲಾಯಿತು. ಆಗ ಅದರ ಚಿಂತೆ ಇರಲಿಲ್ಲ. ದನಿ ಕೇಳಬೇಕೆಂದರೆ ಅವ್ವನೇ ಇದ್ದಳಲ್ಲ.

ಅವ್ವ ತೀರಿಕೊಂಡಳು. ಕೆಲ ವರ್ಷಗಳ ನಂತರ ಅಕ್ಕನ ಗಂಡನೂ ತೀರಿಕೊಂಡು, ಅಕ್ಕ ನಮ್ಮಲ್ಲಿಗೇ ಬಂದಳು. ಎರಡು ಸಾವಿರದ ದಶಕದ ಕೊನೆಯ ವರ್ಷಗಳಲ್ಲಿ ಅವಳ ಮೊಮ್ಮಗಳ ಮದುವೆ ರಾಮದುರ್ಗದಲ್ಲಿ ಗೊತ್ತಾಯಿತು. ನಮ್ಮವರಲ್ಲಿ ಮದುವೆಗೆ ಮೊದಲು ಬೀಸುವ ಕಲ್ಲಿಗೆ ಪೂಜೆ ಮಾಡಿ, ಮನೆಯ ಹಿರಿಯಳು ಗೂಟ ಹಿಡಿದು ಹಾಡಬೇಕು. ಈಗ ಹಿರಿಯಳು ಅಕ್ಕನೇ. ಅವ್ವ ಹಾಡುತ್ತಿದ್ದ ಹಾಡನ್ನೇ ಹಾಡಬೇಕೆಂಬುದು ಅವಳ ಆಸೆ. ಆದರೆ ನಡುವಿನ ಸಾಲುಗಳು ಮರೆತುಹೋಗಿದ್ದವು.

"ಮೊದಲ ನೆನಪೈತಿ, ಕಡೀಕ ನೆನಪೈತಿ. ನಡುವ ಬಂದ್ರ ಕಲ್ಲು ಸುಮ್ಮನ ತಿರಗತೈತಿ ತಮ್ಮಾ," ಎಂದಳು.

ಕ್ಯಾಸೆಟ್ಟನ್ನು ಹಿಂದೆ ಮುಂದೆ ಓಡಿಸಿ ಕೇಳುವಷ್ಟರಲ್ಲಿ ಅದರ ಪಟ್ಟಿ ಹಿಗ್ಗತೊಡಗಿತು. ಕಿತ್ತೂರಿನ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನನ್ನ ಮಗಳು ಒಂದು ಭಾನುವಾರ ಬಂದು ಹಾಡನ್ನು ಮನೆಯ ಕಂಪ್ಯೂಟರಿಗೆ ಇಳಿಸಿಕೊಟ್ಟಳು. ಅದಾದ ವಾರದಲ್ಲೇ ಪಟ್ಟಿ ಹರಿಯಿತು. ಹಾಡು ಉಳಿದದ್ದು ಕಂಪ್ಯೂಟರಿನಲ್ಲಿ ಮಾತ್ರ.

ಆ ಕಂಪ್ಯೂಟರಿನ ಫ್ಯಾನಿಗೆ ಅರಳೆ ಸೇರಿ ಅದು ಏರಿ ಹತ್ತುವ ಲಾರಿಯಂತೆ ಗುರುಗುಡುತ್ತಿತ್ತು. ಸ್ವಚ್ಛ ಮಾಡಿದರೆ ಎರಡು ದಿನ ಸುಮ್ಮನಿದ್ದು ಮತ್ತೆ ಶುರು. ಅದರ ಸದ್ದಿನಲ್ಲಿ ಅವ್ವನ ದನಿ ಮುಳುಗಿಯೇ ಹೋಗುತ್ತಿತ್ತು. ದನಿ ಏರಿಸಿದರೆ ಕಲ್ಲಿನ ಗರಗರವೂ ಏರುತ್ತಿತ್ತು. ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್ ತಂದುಕೊಟ್ಟೆ. ಅಕ್ಕ ಅದನ್ನು ಕಿತ್ತು ಬದಿಗಿಟ್ಟಳು.

"ನನ್ನ ದನಿ ನನಗ ಕೇಳಬೇಕೋ ಬ್ಯಾಡೋ? ಕಿವಿ ಕಟಗೊಂಡು ಯಾರಾರ ಹಾಡ್ತಾರೇನು?"

ಮಗಳು ಹೇಳಿದಳು: "ಅಪ್ಪಾ, ಈಗ ಸಣ್ಣ ಕಂಪ್ಯೂಟರ್ ಬಂದಾವ. ಟೀವಿಗೆ ಹಚ್ಚಿ ಇಟ್ಟಬಿಟ್ರ ಹಾಡು, ಫೋಟೋ, ಮದುವಿ ಸೀಡಿ ಎಲ್ಲಾ ಅದರಾಗ ಇರತಾವ. ಮ್ಯಾಲಿನ ಖೋಲಿಗೂ ವೈರ್ ಎಳದ್ರ ಆತು."

ನಾನು ಪೇಟೆಯಲ್ಲಿದ್ದ ಪರಿಚಯದ ಅಂಗಡಿಗೆ ಹೋದೆ. ಅಂಗಡಿಯ ಭಾಯಿ ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವನು, ನಂತರ ಕಂಪ್ಯೂಟರಿಗೆ ಇಳಿದಿದ್ದ. ಏನು ಬೇಕೆಂದು ಸ್ಪಷ್ಟವಾಗಿ ಹೇಳಿದೆ. ಸದ್ದು ಮಾಡಬಾರದು. ದಿನವಿಡೀ ಚಾಲೂ ಇದ್ದರೂ ಇನ್ವರ್ಟರಿಗೆ ಭಾರವಾಗಬಾರದು. ಪಿಂಚಣಿಯವನಿಗೆ ಕೈಗೆಟುಕಬೇಕು. ವೇಗ ಇಲ್ಲದಿದ್ದರೂ ನಡೆಯುತ್ತದೆ, ಅವ್ವನ ಹಾಡಿಗೆ ವೇಗವೇಕೆ?

ಭಾಯಿ ಎರಡು ಪೆಟ್ಟಿಗೆ ತೋರಿಸಿದ. ಎರಡೂ ಊಟದ ಡಬ್ಬಿಗಿಂತ ತುಸು ದೊಡ್ಡವು. ನಾನು ಅಂಗಡಿಯ ಮೇಲಿನ ಫ್ಯಾನ್ ಆರಿಸಿ, ಶಟರ್ ಅರ್ಧ ಇಳಿಸಲು ಹೇಳಿ, ಒಂದೊಂದಕ್ಕೂ ಕಿವಿ ಹಚ್ಚಿದೆ.

"ಕಂಟ್ರೋಲರ್ ಸಾಹೇಬ್ರ, ಬಂದವರೆಲ್ಲಾ ಕಣ್ಣೀಲೆ ನೋಡ್ತಾರ. ನೀವು ಡಾಕ್ಟರ್ ಆಗೀರಿ," ಎಂದು ಭಾಯಿ ನಕ್ಕ.

"ಗಾಡಿ ನಿಂತಾಗ ಎಂಜಿನ್ ಸದ್ದು ಕೇಳಿದ್ರನ ಅದರ ಗುಣ ತಿಳಿಯೂದು, ಭಾಯಿ."

ಮೊದಲನೆಯದರಲ್ಲಿ ಸಣ್ಣ ಫ್ಯಾನ್ ಇತ್ತು, ಸೊಳ್ಳೆಯಷ್ಟೇ ಸದ್ದು. ಆದರೆ ಒಂದು ಹತ್ತಿ ಸುಗ್ಗಿ ಕಳೆದರೆ ಅದೂ ಲಾರಿಯೇ ಆಗುತ್ತದೆಂದು ನನಗೆ ಗೊತ್ತಿತ್ತು. ಎರಡನೆಯದರಲ್ಲಿ ಫ್ಯಾನೇ ಇರಲಿಲ್ಲ. ಮೈಮೇಲೆ ಬಾಚಣಿಗೆಯಂತೆ ಅಲ್ಯೂಮಿನಿಯಂ ಹಲ್ಲುಗಳು. ಕೆಲಸ ನಿಧಾನ, ಅದಕ್ಕೇ ಬೆಲೆಯೂ ಕಡಿಮೆ. ಅದನ್ನೇ ಆರಿಸಿದೆ. ಹಳೆಯ ಕಂಪ್ಯೂಟರನ್ನು ಬದಲಿಗೆ ಕೊಟ್ಟುಬಿಟ್ಟೆ. ಅದಕ್ಕೂ ಮೊದಲು ಮಗಳು ಅಂಗಡಿಗೆ ಬಂದು ಅದರಲ್ಲಿದ್ದದ್ದನ್ನೆಲ್ಲ ಹೊಸದಕ್ಕೆ ಸಾಗಿಸಿದ್ದಳು.

ಹೊಸ ಪೆಟ್ಟಿಗೆ ಮನೆಗೆ ಬಂದಾಗ ಅಕ್ಕ ಅದಕ್ಕೆ ಕುಂಕುಮ ಹಚ್ಚಿದಳು. ಚಾಲೂ ಮಾಡಿದಾಗ ಸದ್ದೇ ಇಲ್ಲ. "ಜೀವ ಐತೋ ಇಲ್ಲೋ?" ಎಂದು ಮುಟ್ಟಿ ನೋಡಿದಳು. "ಬೆಚ್ಚಗೈತಿ, ಐತಿ." ಅಂದೇ ಕುಳಿತು, ಅವ್ವನ ಹಳೆಯ ಇಳಕಲ್ ಸೀರೆಯ ತುಂಡುಗಳಿಂದ ಅದಕ್ಕೊಂದು ಪುಟ್ಟ ಕೌದಿ ಹೊಲಿದಳು. ನಾಲ್ಕು ಪದರ, ಸಾಲಾಗಿ ಹೊಲಿಗೆ, ತಂತಿ ಹೊರಬರಲು ಹಿಂದೊಂದು ಕಿಂಡಿ. ನನಗೂ ಮೆಚ್ಚುಗೆಯಾಯಿತು. ಧೂಳು ಒಳಹೋಗಲು ದಾರಿಯೇ ಇರಲಿಲ್ಲ.

ಮರುದಿನ ಮುಂಜಾನೆ ಅಕ್ಕ ಹಾಡು ಹಚ್ಚಿಸಿ ಟೀವಿಯ ಮುಂದೆ ಕುಳಿತಳು. ಮೊದಲ ಸಾಲುಗಳು ಬಂದವು. ನಡುವಿಗೆ ಬರುವ ಹೊತ್ತಿಗೆ ಪರದೆ ಕಪ್ಪಾಯಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ನಿಂತಿತು. ಮೂರನೆಯ ಸಲ ದೀಪವೂ ಹತ್ತಲಿಲ್ಲ. ಇನ್ವರ್ಟರ್ ನೋಡಿದೆ, ಪ್ಲಗ್ ಬದಲಿಸಿದೆ. ಕ್ಯಾಸೆಟ್ ಹರಿದಿತ್ತು, ಹಳೆಯ ಕಂಪ್ಯೂಟರ್ ಕೈಬಿಟ್ಟುಹೋಗಿತ್ತು, ಮದುವೆ ಮುಂದಿನ ವಾರ. ಪೆಟ್ಟಿಗೆ ಸುಟ್ಟಿದ್ದರೆ ಅವ್ವನ ದನಿ ಇನ್ನೆಲ್ಲೂ ಇರಲಿಲ್ಲ.

ಭಾಯಿ ಮನೆಗೇ ಬಂದ. ಕೌದಿ ಹೊದ್ದು ಕುಳಿತಿದ್ದ ಪೆಟ್ಟಿಗೆಯನ್ನು ನೋಡಿ ಬಾಗಿಲಲ್ಲೇ ನಿಂತ.

"ಅಕ್ಕಾರ, ಇದಕ್ಕ ಥಂಡಿ ಹತ್ತಿತ್ತೇನ್ರಿ?"

"ಧೂಳ ಹೋಗ್ತೈತಿ ಅಂತ ಹೊಚ್ಚೀನಪಾ."

"ಇದಕ್ಕ ಫ್ಯಾನ್ ಇಲ್ರಿ. ಮೈಯಿಂದನ ಕಾವು ಹೊರಗ ಹಾಕತೈತಿ. ನೀವು ಜ್ವರ ಬಂದವರಿಗೆ ಹೊಚ್ಚಿದಂಗ ಹೊಚ್ಚೀರಿ." ನನ್ನ ಕಡೆ ತಿರುಗಿ, "ಸಾಹೇಬ್ರ, ಗಾಡಿ ರೇಡಿಯೇಟರಿಗೆ ನೀವು ಕಂಬಳಿ ಕಟ್ಟಿಸ್ತಿದ್ರೇನು?" ಎಂದ.

ಕೌದಿ ತೆಗೆದು ಮುಟ್ಟಿದರೆ ಕಾವಲಿಯಂತಿತ್ತು. ಅದನ್ನು ಗಾಳಿಗಿಟ್ಟು ಚಹಾ ಕುಡಿದೆವು. ಭಾಯಿ ಬಟನ್ ಒತ್ತಿದಾಗ ಸಣ್ಣ ಹಸಿರು ದೀಪ ಹತ್ತಿತು. ಅಕ್ಕ ಆಗ ಉಸಿರುಬಿಟ್ಟಳು. ಭಾಯಿ ಹೋಗುವ ಮುಂಚೆ ಹಾಡನ್ನು ಎರಡು ಸೀಡಿಗೂ ಇಳಿಸಿಕೊಡಲು ಹೇಳಿದೆ. ಒಂದನ್ನು ಬೀರುವಿನಲ್ಲಿಟ್ಟೆ, ಇನ್ನೊಂದನ್ನು ರಾಮದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಮೊಮ್ಮಗಳಿಗೆ ಕಳಿಸಿದೆ.

ಆಮೇಲೆ ಕೋಣೆಯ ಫ್ಯಾನನ್ನೂ ಆರಿಸಿ ಹಾಡು ಹಚ್ಚಿದೆ. ಕಲ್ಲಿನ ಗರಗರ, ಅದರೊಳಗೆ ಅವ್ವನ ದನಿ. ನಡುವಿಗೆ ಬಂದಾಗ ದನಿ ನಿಂತಿತು. ಕಲ್ಲೂ ನಿಂತಿತು. ಆ ಮೌನದಲ್ಲಿ ಅವ್ವ ಮೆಲ್ಲಗೆ ಕೇಳಿದಳು: "ಮುಂದ ಏನವಾ? ಮರತೇ ಹೋತು."

ದೂರದಿಂದ, ಒಲೆಯ ಕಡೆಯಿಂದಿರಬೇಕು, ಇನ್ನೊಂದು ದನಿ ಹೇಳಿಕೊಟ್ಟಿತು: "ಕಲ್ಲ ನೀ ತಂಪಿರು, ಕೈಯ ನೀ ಹಗುರಿರು." ಅವ್ವ ಅದನ್ನೆತ್ತಿಕೊಂಡು ಹಾಡು ಮುಂದುವರಿಸಿದಳು. ಟೇಪಿನ ಸಣ್ಣ ಸ್ಪೀಕರಿನಲ್ಲಾಗಲಿ, ಲಾರಿಯಂಥ ಆ ಫ್ಯಾನಿನ ಸದ್ದಿನಲ್ಲಾಗಲಿ ಇದು ನಮಗೆ ಒಮ್ಮೆಯೂ ಕೇಳಿರಲಿಲ್ಲ.

"ಯಾರೋ ಅದು?" ಎಂದಳು ಅಕ್ಕ.

"ನೀನ ಅಲ್ಲೇನು. ಆವತ್ತ ರೊಟ್ಟಿ ಬಡಿಯಾಕ ಹತ್ತಿದ್ದಿ."

ಅಕ್ಕ ಇನ್ನೊಮ್ಮೆ ಹಚ್ಚಿಸಿದಳು. "ಅವ್ವನೂ ಮರತಿದ್ಲು ನೋಡು. ಮತ್ತ ನನ್ನ ಬೈತಿದ್ಲು, ನಿನಗ ಒಂದೂ ನೆನಪಿರೂದಿಲ್ಲಂತ." ಹೇಳುತ್ತ ಸೆರಗಿನಿಂದ ಕಣ್ಣೊರೆಸಿಕೊಂಡಳು, ಮುಖದಲ್ಲಿ ನಗೆ ಇತ್ತು.

ರಾಮದುರ್ಗದಲ್ಲಿ ಕಲ್ಲಿನ ಪೂಜೆಯಾಯಿತು. ಅಕ್ಕ ಗೂಟ ಹಿಡಿದು ತಪ್ಪಿಲ್ಲದೆ ಹಾಡುತ್ತ ಬಂದಳು. ನಡುವಿಗೆ ಬಂದಾಗ ಕಲ್ಲು ನಿಲ್ಲಿಸಿ, ಎದುರಿಗೆ ಕುಳಿತಿದ್ದ ಮೊಮ್ಮಗಳನ್ನು ನೋಡಿ, "ಮುಂದ ಏನವಾ?" ಎಂದಳು. ಅಕ್ಕನಿಗೆ ಆ ಸಾಲು ಚೆನ್ನಾಗಿ ನೆನಪಿತ್ತೆಂದು ನನಗೆ ಗೊತ್ತಿತ್ತು. ಸೀಡಿ ಕೇಳಿದ್ದ ಹುಡುಗಿ ನಗುತ್ತ ಸಾಲು ಹೇಳಿಕೊಟ್ಟಳು, ಕಲ್ಲು ಮತ್ತೆ ತಿರುಗಿತು.

ಆ ಪುಟ್ಟ ಕೌದಿ ಹರಿದ ಕ್ಯಾಸೆಟ್ಟಿಗೆ ಹೊದಿಕೆಯಾಯಿತು. ಪೆಟ್ಟಿಗೆಯನ್ನು ಬರಿಮೈಯಲ್ಲೇ ಬಿಟ್ಟು, ದಿನಾ ಮುಂಜಾನೆ ಒಣಬಟ್ಟೆಯಿಂದ ಒರೆಸುವುದನ್ನು ನನ್ನ ಕೆಲಸಗಳಿಗೆ ಸೇರಿಸಿಕೊಂಡೆ.