ಜಯನಗರದ ಕ್ರಾಸಿನಲ್ಲಿ ಒಂದು ‘ರೀ’

ಮೊದಲೇ ಹೇಳಿಬಿಡುತ್ತೇನೆ, ಇಂಥ ಕಥೆಗಳು ನನಗೆ ಆಗಿಬರುತ್ತಿರಲಿಲ್ಲ. ಮದುವೆಮನೆಯಲ್ಲಿ ಯಾರಾದರೂ ‘ನಮ್ಮಜ್ಜಿ ಕನಸಿನಲ್ಲಿ ಬಂದು ಹೇಳಿದರು’ ಅಂತ ಶುರು ಮಾಡಿದರೆ ಸಾಕು, ಪಾಯಸ ಬಿಟ್ಟು ಎದ್ದುಹೋಗುವುದೊಂದು ಬಾಕಿ. ನನ್ನ ಕೆಲಸವೇ ಹಾಗಿತ್ತು ಅನ್ನಿ. ರಿಟೈರ್ ಆಗುವವರೆಗೂ ವಿಮಾ ಕಂಪನಿಯೊಂದರಲ್ಲಿ, ಅಪಘಾತವಾದ ಗಾಡಿಗಳನ್ನು ನೋಡಿ ವರದಿ ಕೊಡುವ ಕೆಲಸ. ‘ಗಾಡಿ ನಿಂತಲ್ಲೇ ನಿಂತಿತ್ತು ಸಾರ್, ಕಂಬಾನೇ ಬಂದು ಗುದ್ದಿದ್ದು’ ಅನ್ನುವ ಮಹಾನುಭಾವರನ್ನು ದಿನಾ ನೋಡಿದವನು ನಾನು. ದೆವ್ವ, ಶಕುನ, ದೂರದ ಕರೆ ಇವೆಲ್ಲ ನನಗೆ ಆ ಕಂಬದ ಜಾತಿಗೇ ಸೇರಿದ್ದವು. ಆದರೆ ಮೂರು ವರ್ಷದ ಹಿಂದೆ ಒಂದು ಸಂಜೆ ನನಗೇ ಒಂದು ಅನುಭವವಾಯಿತು. ಈಗ ಅದನ್ನು ಹೇಳಹೊರಟರೆ, ನಾನು ಆ ಜನರನ್ನು ನೋಡುತ್ತಿದ್ದ ಹಾಗೇ ಎಲ್ಲರೂ ನನ್ನನ್ನು ನೋಡುತ್ತಾರೆ. ಮೈ ಉರಿಯುತ್ತದೆ, ಆದರೆ ಏನು ಮಾಡಲಿ, ನಡೆದದ್ದು ನಡೆದಿದೆ.

ನಮ್ಮ ಮನೆ ಜರಗನಹಳ್ಳಿಯಲ್ಲಿ. ಕೆಳಗೆ ಓನರು, ಮೇಲೆ ನಾನು ಮತ್ತು ನನ್ನ ಹೆಂಡತಿ ಸುಗುಣ. ಅವಳ ಕಾಲದವರು ಗಂಡನ ಹೆಸರು ಹಿಡಿದು ಕರೆಯುವವರಲ್ಲ. ಮದುವೆಯಾದಾಗಿನಿಂದ ನಾನು ಅವಳಿಗೆ ಬರೀ ‘ರೀ’. ನನಗೊಂದು ಹೆಸರಿದೆ ಅನ್ನುವುದು ಬ್ಯಾಂಕಿನವರಿಗೆ ಮಾತ್ರ ಗೊತ್ತಿತ್ತು. ಆ ಒಂದಕ್ಷರದಲ್ಲೇ ಅವಳು ಸಂಸಾರ ನಡೆಸಿದಳು. ಗಿಡ್ಡ ‘ರೀ’ ಅಂದರೆ ಊಟಕ್ಕೆ ಬನ್ನಿ ಅಂತ. ಕೊನೆಯಲ್ಲಿ ಮೇಲಕ್ಕೆತ್ತಿದರೆ ಯಾರೋ ಬಂದಿದ್ದಾರೆ, ಪಂಚೆ ಸರಿಮಾಡಿಕೊಳ್ಳಿ ಅಂತ. ‘ರೀ...ಈ’ ಅಂತ ಎರಡು ತುಂಡಾಗಿ ಮೇಲಿನಿಂದ ಕೆಳಕ್ಕೆ ಇಳಿಸಿದರೆ ನಾನೇನೋ ಎಡವಟ್ಟು ಮಾಡಿದ್ದೇನೆ, ಅಥವಾ ಎಷ್ಟು ಕರೆದರೂ ಓಗೊಟ್ಟಿಲ್ಲ ಅಂತ. ನಾನು ಹೆಚ್ಚು ಕೇಳಿರುವುದು ಇದನ್ನೇ. ದನಿಯಾದರೂ ಎಂಥದ್ದು, ಅವಳು ಅಡುಗೆಮನೆಯಿಂದ ಕೂಗಿದರೆ ಕೆಳಗಿನ ಮನೆಯ ಓನರೂ ಒಂದು ಗಳಿಗೆ ಎದ್ದು ನಿಲ್ಲುತ್ತಿದ್ದರು.

ಆ ದನಿ ಹೋಯಿತು. ಥೈರಾಯ್ಡ್ ಗಡ್ಡೆ ತೆಗೆಸಿದ ಮೇಲೆ, ದನಿಯ ನರಕ್ಕೆ ಸ್ವಲ್ಪ ಪೆಟ್ಟಾಗಿದೆ, ಕೆಲವರಿಗೆ ಹೀಗಾಗುವುದುಂಟು, ಯಾರ ತಪ್ಪೂ ಅಲ್ಲ, ಆರು ತಿಂಗಳು ಕಾಯೋಣ, ಬಂದರೂ ಬರಬಹುದು ಅಂದರು ಡಾಕ್ಟರು. ಉಳಿದದ್ದು ಬರೀ ಪಿಸುಮಾತು. ಪಕ್ಕದಲ್ಲಿ ಕೂತರೆ ಕೇಳುತ್ತಿತ್ತು, ಮಿಕ್ಸಿ ಓಡುತ್ತಿದ್ದರೆ ಅದೂ ಇಲ್ಲ. ಸೊಪ್ಪಿನವನು ಮನೆ ಮುಂದೆಯೇ ಹಾದುಹೋದರೂ ಮಹಡಿಯ ಮೇಲಿನಿಂದ ಅವನನ್ನು ನಿಲ್ಲಿಸಲಾಗದೆ ಅವಳು ಕಂಬಿ ಹಿಡಿದು ನಿಂತಿರುತ್ತಿದ್ದಳು. ಅವಳ ತಂಗಿ ಫೋನ್ ಮಾಡಿ ‘ಹಲೋ, ಹಲೋ’ ಅಂದು ಇಟ್ಟುಬಿಡುತ್ತಿದ್ದಳು. ನನ್ನನ್ನು ಕರೆಯುವುದಕ್ಕೆ ಚಪ್ಪಾಳೆ ತಟ್ಟಲು ಶುರು ಮಾಡಿದಳು. ಹೋಟೆಲಿನ ಮಾಣಿಯನ್ನು ಕರೆದ ಹಾಗೆ ತಟ್ಟಬೇಡ ಕಣೇ ಅಂದರೆ ಕಣ್ಣು ತುಂಬಿಕೊಳ್ಳುತ್ತಿದ್ದಳು. ದಿನಾ ಬೆಳಿಗ್ಗೆ ಹಲ್ಲುಜ್ಜಿ ಬಂದವಳು ಕನ್ನಡಿಯ ಮುಂದೆ ನಿಂತು ಬಾಯಿ ತೆರೆದು ನೋಡುತ್ತಿದ್ದಳು, ಗಾಳಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಆರು ತಿಂಗಳಲ್ಲಿ ಐದು ಹಾಗೇ ಕಳೆದವು. ಇಬ್ಬರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ, ಆದರೆ ಒಳಗೊಳಗೇ ಹೆದರಿದ್ದೆವು.

ಇನ್ನು ನನ್ನ ವಾಕಿಂಗಿನ ವಿಚಾರ. ಜರಗನಹಳ್ಳಿಯಲ್ಲಿ ಮಾಡುವುದನ್ನು ವಾಕಿಂಗ್ ಅನ್ನುವುದಿಲ್ಲ, ಜೀವ ಉಳಿಸಿಕೊಳ್ಳುವುದು ಅನ್ನುತ್ತಾರೆ. ಹಾಗಾಗಿ ಸಂಜೆ ಮೆಟ್ರೋ ಹತ್ತಿ ಜಯನಗರದಲ್ಲಿ ಇಳಿದು ಹಳೇ ಬ್ಲಾಕುಗಳಲ್ಲಿ ಒಂದು ಸುತ್ತು ಹೊಡೆದು ಬರುವುದು ನನ್ನ ಅಭ್ಯಾಸ. ಮದುವೆಯಾದ ಹೊಸದರಲ್ಲಿ ನಾವು ಅಲ್ಲೇ ಒಂದು ಔಟ್‌ಹೌಸಿನಲ್ಲಿ ಬಾಡಿಗೆಗಿದ್ದವರು. ಹಳೇ ಜಯನಗರದಲ್ಲಿ ಅಡ್ಡಾಡುವ ಸೊಗಸೇ ಬೇರೆ ಅಂತ ಪೇಪರಿನಲ್ಲಿ ಆಗಾಗ ಬರೆಯುತ್ತಾರಲ್ಲ, ಬರೆಯುವವರು ನಡೆದು ನೋಡಿಲ್ಲ ಅಂತ ನನ್ನ ಗುಮಾನಿ. ಸೊಗಸು ನೋಡುವುದಕ್ಕೆ ತಲೆ ಎತ್ತಬೇಕು, ತಲೆ ಎತ್ತಿದರೆ ಕಾಲು ಚರಂಡಿಗೆ. ಫುಟ್‌ಪಾತಿನ ಒಂದು ಚಪ್ಪಡಿ ಇದ್ದರೆ ಇನ್ನೊಂದಿಲ್ಲ. ಇರುವ ಚಪ್ಪಡಿಯ ಮೇಲೆ ಟ್ರಾನ್ಸ್‌ಫಾರ್ಮರು, ಅದನ್ನು ಬಳಸಿ ಬಂದರೆ ಯಾರದೋ ಕಾರು. ಕಾರು ದಾಟಿದರೆ ಊಟ ತಲುಪಿಸುವವರ ಬೈಕು ಫುಟ್‌ಪಾತಿನ ಮೇಲೇ ಎದೆಗೆ ಬರುತ್ತದೆ, ಹಾರ್ನೂ ನಮಗೇ ಹೊಡೆಯುತ್ತಾರೆ.

ಆದರೂ ಹೋಗುತ್ತೇನೆ, ಅದೇ ನೋಡಿ ನನ್ನ ದೌರ್ಬಲ್ಯ. ಅಪಾರ್ಟ್‌ಮೆಂಟುಗಳ ಮಧ್ಯೆ ಇನ್ನೂ ಕೆಲವು ಮನೆಗಳು ಉಳಿದಿವೆ. ಸೊಂಟದೆತ್ತರದ ಕಾಂಪೌಂಡು, ಒಳಗೊಂದು ಪಾರಿಜಾತ, ಕೆಂಪು ಗಾರೆಯ ವರಾಂಡ, ಕಲ್ಲಿನ ಫಲಕದಲ್ಲಿ ಕೆತ್ತಿದ ಮನೆಯ ಹೆಸರು. ಸಂಜೆಹೊತ್ತು ಯಾವುದೋ ಮನೆಯಿಂದ ಸಾರಿನ ಒಗ್ಗರಣೆ ಬರುತ್ತದೆ, ಇನ್ಯಾವುದೋ ಮನೆಯಲ್ಲಿ ಮಕ್ಕಳಿಗೆ ಸಂಗೀತದ ಸರಳೆವರಸೆ ಹೇಳಿಕೊಡುತ್ತಿರುತ್ತಾರೆ. ಕಾಲು ನೋಯುವ ತನಕ ನಡೆದರೂ ಬೇಜಾರಾಗುವುದಿಲ್ಲ.

ಆವತ್ತು ನಾನು ಮಾಮೂಲಿ ಕ್ರಾಸಿಗೆ ತಿರುಗಿದರೆ ಅಲ್ಲಿ ಪೈಪ್ ಹಾಕುವುದಕ್ಕೆ ರಸ್ತೆ ಅಗೆದು ಎರಡೂ ತುದಿಗೆ ಅಡ್ಡ ಕಟ್ಟಿದ್ದರು. ಬೈದುಕೊಂಡೇ ಒಳಗೆ ನುಸುಳಿದೆ. ಗಾಡಿಗಳಿಲ್ಲದ್ದರಿಂದ ಬೀದಿ ತಣ್ಣಗಿತ್ತು. ಕೆಲಸದವರೂ ಹೊರಟುಹೋಗಿದ್ದರು. ದೀಪ ಹಚ್ಚುವ ಹೊತ್ತು, ಇನ್ನೂ ಬೆಳಕಿತ್ತು. ಮಣ್ಣಿನ ಗುಡ್ಡೆ ದಾಟುವುದಕ್ಕೆ ಪಂಚೆ ಎತ್ತಿಕೊಂಡಿದ್ದೇನೆ, ಹಿಂದಿನಿಂದ ‘ರೀ’ ಅಂತ ಕೇಳಿಸಿತು.

ನಾನು ತಿರುಗಲಿಲ್ಲ. ಯಾರೋ ಯಾರನ್ನೋ ಕರೆದರು ಅಂದುಕೊಂಡೆ. ಆ ಕೂಗಿಗೆ ಹೆಸರು ವಿಳಾಸ ಏನೂ ಇರುವುದಿಲ್ಲವಲ್ಲ, ಮಾರ್ಕೆಟಿನಲ್ಲಿ ಒಬ್ಬಳು ‘ರೀ’ ಅಂದರೆ ಹತ್ತು ಗಂಡಂದಿರು ತಿರುಗುತ್ತಾರೆ. ಆಮೇಲೆ ಎರಡನೆಯದು ಬಂತು. ‘ರೀ...ಈ.’ ಎರಡು ತುಂಡಾಗಿ, ಮೇಲಿನಿಂದ ಕೆಳಕ್ಕೆ. ಸುಗುಣಳ ದನಿ ಅದು. ಪಿಸುಮಾತಲ್ಲ, ಮೊದಲಿನ ತುಂಬು ದನಿ, ರೇಗಿದ ದನಿ. ‘ಬಂದೆ ಇರೇ’ ಅಂತ ನನ್ನ ಬಾಯಿಂದ ತಾನಾಗಿ ಬಂತು. ತಿರುಗಿ ನೋಡಿದರೆ ಬೀದಿ ಖಾಲಿ. ಅಗೆದ ಗುಂಡಿ, ನೀಲಿ ಪೈಪುಗಳು, ಒಂದು ನಾಯಿ. ನಾಯಿ ನನ್ನನ್ನೇ ನೋಡುತ್ತಿತ್ತು, ಬಹುಶಃ ನಾನು ಯಾರಿಗೆ ಉತ್ತರ ಕೊಟ್ಟೆ ಅಂತ.

ಮೊದಲು ನನಗೆ ಬಂದದ್ದು ಭಯವಲ್ಲ, ಆಸೆ. ದನಿ ಬಂದುಬಿಟ್ಟಿದೆ, ನನಗೆ ಹೇಳದೆ ಹಿಂದೆಯೇ ಬಂದು ಆಟ ಆಡಿಸುತ್ತಿದ್ದಾಳೆ ಅಂತ ಪೆದ್ದನ ಹಾಗೆ ಎರಡು ಗೇಟುಗಳ ಹಿಂದೆ ಇಣುಕಿಯೂ ನೋಡಿದೆ. ಆಮೇಲೆ ಮೊಬೈಲ್ ತೆಗೆದು ‘ಕರೆದೆಯಾ?’ ಅಂತ ಮೆಸೇಜ್ ಹಾಕಿದೆ. ಅವಳು ಮೆಸೇಜಿಗೆ ತಡ ಮಾಡುವವಳಲ್ಲ, ಆ ಐದು ತಿಂಗಳಲ್ಲಿ ಅದೇ ಅವಳ ಬಾಯಿಯಾಗಿತ್ತು. ಉತ್ತರ ಬರಲಿಲ್ಲ. ರಿಂಗ್ ಮಾಡಿದೆ. ಮಾತಾಡುವುದಕ್ಕೆ ಆಗದಿದ್ದರೂ ಎತ್ತಿಕೊಂಡು ಫೋನಿನ ಮೇಲೆ ಉಗುರಲ್ಲಿ ಟಕಟಕ ಅನ್ನಿಸುತ್ತಿದ್ದಳು. ಎತ್ತಲೇ ಇಲ್ಲ. ಆಗ ಭಯ ಹತ್ತಿತು, ಮೇನ್ ರೋಡಿಗೆ ಬಂದು ಆಟೋಗಳಿಗೆ ಕೈ ಅಡ್ಡ ಹಾಕಿದೆ.

ಹೊತ್ತು ಕೆಟ್ಟಾಗ ಬೆಂಗಳೂರು ಹೇಗೆ ಕೈಕೊಡುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆಟೋದವರಿಗೆ ಜರಗನಹಳ್ಳಿ ಅಂದರೆ ಒಬ್ಬ ಮುಖ ತಿರುಗಿಸಿದ, ಇನ್ನೊಬ್ಬ ‘ಆ ಕಡೆ ಫುಲ್ ಜಾಮ್ ಸಾರ್, ಬರಲ್ಲ’ ಅಂದ. ಆ್ಯಪಿನಲ್ಲಿ ಬುಕ್ ಮಾಡಿದರೆ ಆಟೋ ಬರುತ್ತಿದೆ, ಬರುತ್ತಿದೆ ಅಂತ ತೋರಿಸಿ ಕ್ಯಾನ್ಸಲ್ ಆಯಿತು. ಕೊನೆಗೆ ಮೆಟ್ರೋಗೇ ಓಡಿದೆ. ಓಡುತ್ತಾ ಅವಳನ್ನೂ ಬೈದುಕೊಂಡೆ, ಆಟೋದವರನ್ನೂ ಬೈದುಕೊಂಡೆ, ಇಲ್ಲದ ದನಿ ಕೇಳಿಸಿಕೊಂಡು ಹೀಗೆ ಓಡುತ್ತಿರುವ ನನ್ನನ್ನಂತೂ ಇನ್ನಷ್ಟು ಬೈದುಕೊಂಡೆ.

ಮನೆಗೆ ಬಂದು ಬೀಗ ತೆಗೆದು ನೋಡಿದರೆ ಹಾಲಿನಲ್ಲಿ ದೀಪವಿಲ್ಲ, ಅವಳ ಫೋನು ಫ್ರಿಜ್ಜಿನ ಮೇಲೆ ಚಾರ್ಜಿಗೆ ಹಾಕಿದೆ. ಬಾತ್‌ರೂಮಿನ ಬಾಗಿಲು ಒಳಗಿನಿಂದ ಬೋಲ್ಟ್ ಆಗಿದೆ. ಒಳಗೆ ಮಗ್ಗಿನಿಂದ ಬಕೆಟ್ಟಿಗೆ ಬಡಿಯುವ ಸದ್ದು. ಕೆಳಗಿನಿಂದ ಓನರನ್ನು ಕರೆದು ಇಬ್ಬರೂ ಸೇರಿ ಹೆಗಲು ಕೊಟ್ಟು ಬಾಗಿಲು ಮುರಿದೆವು. ಸುಗುಣ ಒದ್ದೆ ನೆಲದ ಮೇಲೆ ಬಿದ್ದಿದ್ದಳು. ಕಾಲು ಮಡಚಿಕೊಂಡು ಪಾದದ ಗೆಣ್ಣು ಬಾತುಹೋಗಿತ್ತು, ಚಳಿಗೆ ತುಟಿ ನೀಲಿಯಾಗಿತ್ತು. ಓನರು ಪಾಪ ತಲೆ ಚಚ್ಚಿಕೊಂಡರು. ‘ಆಗ್ಲಿಂದ ಸದ್ದು ಕೇಳ್ತಿತ್ತು ಸಾರ್, ಅಮ್ಮಾವ್ರು ಬಟ್ಟೆ ಒಗೀತಾವ್ರೆ ಅಂದ್ಕೊಂಡೆ’ ಅಂದರು.

ಅವಳನ್ನು ಎತ್ತಿ ಕೂರಿಸಿ ಟವೆಲ್ ಸುತ್ತುತ್ತಿದ್ದಾಗ ನನ್ನ ಕಿವಿಯ ಹತ್ತಿರ ಬಾಯಿ ತಂದು, ಅದೇ ಹಳೆಯ ಪಿಸುಮಾತಿನಲ್ಲಿ, ‘ಎಲ್ಲಿ ಹಾಳಾಗಿ ಹೋಗಿದ್ರಿ, ಎಷ್ಟು ಕರೆಯೋದು ನಿಮ್ಮನ್ನ’ ಅಂದಳು.

ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಹಾಕಿಸಿ ತಂದ ಮೇಲೆ ಕೂತು ವಿಚಾರಿಸಿದೆ. ಬಿದ್ದ ಕೂಡಲೇ ಒಂದು ಸಲ ಕರೆದಳಂತೆ. ನಾನು ಮನೆಯಲ್ಲಿಲ್ಲ ಅಂತ ಗೊತ್ತಿದ್ದರೂ ಬಾಯಿಗೆ ಬಂದದ್ದು ಅದೇ. ಆಮೇಲೆ ನೋವಿಗೂ ಸಿಟ್ಟಿಗೂ ಇನ್ನೊಂದು ಸಲ, ಜೋರಾಗಿ. ಜೋರಾಗಿ ಅಂದರೆ ಬಾಯಿ ಜೋರಾಗಿ ತೆರೆದದ್ದು, ಗಾಳಿ ಬಿಟ್ಟರೆ ಏನೂ ಬರಲಿಲ್ಲ. ಅವಳ ಕಿವಿಗೇ ಕೇಳಿಸಲಿಲ್ಲ.

ಈಗ ನೀವು ಹೇಳುವುದನ್ನೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವಳು ಬಿದ್ದ ಹೊತ್ತು ಸರಿಯಾಗಿ ಯಾರು ನೋಡಿದ್ದರು? ನನಗೆ ಕೇಳಿಸಿದ ಹೊತ್ತೇನೋ ಮೆಸೇಜಿನಲ್ಲಿದೆ, ಕೇಳಿಸಿತು ಅನ್ನುವುದಕ್ಕೆ ಸಾಕ್ಷಿ ಯಾರು? ಇಂಥ ಕ್ಲೇಮು ನನ್ನ ಮೇಜಿಗೆ ಬಂದಿದ್ದರೆ ಓದದೆ ವಾಪಸ್ ಕಳಿಸುತ್ತಿದ್ದೆ. ಆ ಬೀದಿಯಲ್ಲಿ ಇನ್ನಾರೋ ಹೆಂಗಸು ತನ್ನ ಗಂಡನನ್ನು ಕರೆದಿರಬೇಕು ಅಂದುಕೊಂಡರೆ ಮುಗಿಯಿತು. ಹಾಗೇ ಮುಗಿಸುವುದಕ್ಕೆ ಅಂತಲೇ ಎರಡು ದಿನ ಬಿಟ್ಟು ಅಲ್ಲಿಗೆ ಹೋದೆ. ಕೂಗು ಬಂದ ಕಡೆಗಿದ್ದ ಮನೆಯ ಬೆಲ್ ಒತ್ತಿದೆ. ಒಬ್ಬ ಹುಡುಗಿ, ಹೊಸದಾಗಿ ಮದುವೆಯಾದವಳ ಹಾಗಿದ್ದಳು, ಬಾಗಿಲು ತೆರೆದಳು.

‘ಯಾರ ಬೇಕಾಗಿತ್ರೀ ಅಂಕಲ್?’ ಅಂದಳು. ಧಾರವಾಡದ ಕಡೆಯವಳು. ನಾನು ಹುಡುಕಿಕೊಂಡು ಹೋದ ‘ರೀ’ ಅವಳ ಪ್ರತಿ ಮಾತಿನ ಬಾಲದಲ್ಲೂ ನೇತಾಡುತ್ತಿತ್ತು. ನನ್ನ ಕರ್ಮ ನೋಡಿ. ಮೊನ್ನೆ ಸಂಜೆ ನಿಮ್ಮ ಯಜಮಾನರನ್ನ ‘ರೀ’ ಅಂತ ಕರೆದ್ರಾ ಅಮ್ಮಾ ಅಂತ ಕೇಳಿದೆ. ಕೇಳಿದ ಮೇಲೆ ಎಂಥ ಪ್ರಶ್ನೆ ಅಂತ ನನಗೇ ನಾಚಿಕೆಯಾಯಿತು. ಅವಳು ಬಾಗಿಲನ್ನು ಸ್ವಲ್ಪ ಮುಂದೆ ಮಾಡಿಕೊಂಡು, ‘ಇಲ್ರೀ, ನಾ ಅವಂಗ ಹೆಸರ ಹಿಡದ ಕರೀತೀನ್ರೀ. ಮೊನ್ನಿ ಸಂಜೀಕ ನಾವು ಮನ್ಯಾಗ ಇರಲೇ ಇಲ್ರೀ’ ಅಂದಳು. ಕಿವಿಗೊಟ್ಟು ಕೇಳಿಸಿಕೊಂಡೆ. ಅವಳ ‘ರೀ’ಗಳಲ್ಲಿ ಒಂದಾದರೂ ನನ್ನ ಹೆಂಡತಿಯ ‘ರೀ’ ಆಗಿರಲಿಲ್ಲ. ಪಕ್ಕದ ಮನೆಗೆ ಬೀಗ ಹಾಕಿತ್ತು, ಎದುರಿನದು ಕಟ್ಟುತ್ತಿರುವ ಕಟ್ಟಡ. ಬೀದಿಯಲ್ಲಿ ಇನ್ನೂ ಮನೆಗಳಿದ್ದವು, ನಿಜ. ಪ್ರತಿ ಮನೆಯ ಬೆಲ್ ಒತ್ತಿ ಇದೇ ಪ್ರಶ್ನೆ ಕೇಳಿದ್ದರೆ ಪೊಲೀಸರನ್ನು ಕರೆಯುತ್ತಿದ್ದರು. ವಾಪಸ್ ಬಂದೆ.

ಕಾಲು ಸರಿಹೋಯಿತು. ದನಿ ಬರಲಿಲ್ಲ. ಆರು ತಿಂಗಳಾಯಿತು, ವರ್ಷವಾಯಿತು, ಇನ್ನು ಬರುವುದಿಲ್ಲ ಅಂತ ಡಾಕ್ಟರೂ ಹೇಳಿದರು. ಆ ಸಂಜೆ ನನಗೆ ಕೇಳಿಸಿದ್ದನ್ನು ನಾನು ಬಹಳ ದಿನ ಅವಳಿಗೆ ಹೇಳಿರಲಿಲ್ಲ. ಡಾಕ್ಟರ ಮಾತು ಕೇಳಿ ಬಂದ ರಾತ್ರಿ ಅವಳು ಗೋಡೆಯ ಕಡೆ ತಿರುಗಿ ಮಲಗಿದ್ದಳು, ಸಮಾಧಾನಕ್ಕೆ ಬೇರೇನೂ ತೋಚದೆ ಹೇಳಿಬಿಟ್ಟೆ. ಹೆದರುತ್ತಾಳೆ, ಅಥವಾ ನಂಬುವುದಿಲ್ಲ ಅಂದುಕೊಂಡಿದ್ದೆ. ಎದ್ದು ಕೂತಳು. ‘ಹೇಗಿತ್ತು?’ ಅಂದಳು. ಚೆನ್ನಾಗಿತ್ತು ಅಂದೆ. ‘ಹಾಗಲ್ಲ, ಹೇಗಿತ್ತು ಹೇಳಿ. ನನಗೆ ನನ್ನ ದನಿ ಮರೆತುಹೋಗ್ತಿದೆ’ ಅಂದಳು. ಮಾತಲ್ಲಿ ವಿವರಿಸುವುದಕ್ಕೆ ಬರದೆ ನಾನೇ ‘ರೀ...ಈ’ ಅಂತ ಕೂಗಿ ತೋರಿಸಿದೆ. ಅಷ್ಟು ಕೀರಲಾಗಿರಲಿಲ್ಲ ಅಂತ ತಲೆಯಾಡಿಸಿದಳು. ಇನ್ನೊಮ್ಮೆ ಕೂಗಿದೆ. ಅಲ್ಲ ಅಂದಳು. ಅರ್ಧರಾತ್ರಿಯಲ್ಲಿ ಒಬ್ಬ ಗಂಡಸು ಹೆಂಡತಿಗೆ ‘ರೀ, ರೀ’ ಅನ್ನುತ್ತಿದ್ದರೆ ಕೆಳಗಿನವರು ಏನಂದುಕೊಂಡರೋ. ನಗುತ್ತಿದ್ದಳು, ಅಳುತ್ತಲೂ ಇದ್ದಳು, ಎರಡಕ್ಕೂ ಸದ್ದಿರಲಿಲ್ಲ.

ಅದು ಏನು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಕೆಟ್ಟದ್ದೆಂದರೆ, ಈಚೆಗೆ ಅವಳ ದನಿಯನ್ನು ನೆನಪಿಸಿಕೊಳ್ಳಹೋದರೆ ನಾನು ಅಣಕಿಸಿದ್ದೇ ಕಿವಿಗೆ ಬರುತ್ತದೆ. ಅದನ್ನೂ ಅವಳಿಗೆ ಹೇಳಿದೆ. ಅವಳು ನನ್ನ ಕಿವಿಯ ಹತ್ತಿರ ಬಂದು, ಇನ್ನೊಂದು ಸಲ ಕೇಳಿಸಿದರೆ ಕೂಡಲೇ ಓಡಿ ಬರಬೇಡಿ, ಅಲ್ಲೇ ನಿಂತು ಸರಿಯಾಗಿ ಕೇಳಿಸಿಕೊಂಡು ನಿಧಾನವಾಗಿ ಬನ್ನಿ ಅಂದಳು. ನೀನು ಬಿದ್ದಿದ್ದರೂನಾ ಅಂತ ರೇಗಿದೆ. ಬಿದ್ದಿದ್ದರೂ ಅಂದಳು. ಇಂಥವಳಿಗೆ ಏನು ಹೇಳೋದು, ನೀವೇ ಹೇಳಿ.